ದಿನಕರನ ನಡೆ, ಶ್ರಾವಕನ ಎಚ್ಚರ

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ತಳಕು ಸಿಗುತ್ತದೆ. ಶೇಂಗಾ ಬೆಳೆಯುವ ಈ ಬಯಲುಸೀಮೆಯಲ್ಲಿ ನವೆಂಬರ್ ಮೂರನೆಯ ವಾರದ ಸೂರ್ಯ ಸಂಜೆ 5.51ರ ಸುಮಾರಿಗೆ ಅಸ್ತಮಿಸುತ್ತಾನೆ. ಜುಲೈ ಮೊದಲ ವಾರದ ಸೂರ್ಯ 6.56ರವರೆಗೂ ಇರುತ್ತಾನೆ. ರಾತ್ರಿಭೋಜನ ತ್ಯಾಗದ ನಿಯಮ ಹಿಡಿದ ಶ್ರಾವಕನಿಗೆ ಈ ಅರವತ್ತೈದು ನಿಮಿಷಗಳ ಅಂತರ ಸಣ್ಣದಲ್ಲ. ‘ಸಂಜೆ ಆರಕ್ಕೆ ಊಟ’ ಎಂದು ವರ್ಷಕ್ಕೆಲ್ಲ ಒಂದೇ ವೇಳೆ ಗೊತ್ತುಮಾಡಿಕೊಂಡವನು ಜುಲೈನಲ್ಲಿ ವ್ರತ ಪಾಲಿಸಿ, ನವೆಂಬರಿನಲ್ಲಿ ಅರಿವಿಲ್ಲದೆ ಅದನ್ನು ಮುರಿಯುತ್ತಾನೆ.

ಈ ನಿಯಮದ ಬೇರು ಅಹಿಂಸೆ. ಸೂರ್ಯನ ಬೆಳಕಿಲ್ಲದಾಗ ದೀಪ ಹಚ್ಚಿಕೊಂಡು ಉಣ್ಣುವವನೂ ಆಹಾರದಲ್ಲಿ ಬೆರೆತ ಸೂಕ್ಷ್ಮ ಜೀವಿಗಳ ಹಿಂಸೆಯಿಂದ ಹೇಗೆ ತಪ್ಪಿಸಿಕೊಂಡಾನು ಎಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಕೇಳುತ್ತಾರೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶ್ರಾವಕನ ಆರನೆಯ ಪ್ರತಿಮೆಯೇ ರಾತ್ರಿಭುಕ್ತಿವಿರತಿ. ಹಗಲಿನ ಮೊದಲ ಮತ್ತು ಕೊನೆಯ ಎರಡೆರಡು ಘಳಿಗೆಗಳನ್ನೂ, ಅಂದರೆ ನಲವತ್ತೆಂಟು ನಿಮಿಷಗಳ ಒಂದೊಂದು ಮುಹೂರ್ತವನ್ನೂ, ಬಿಡುವುದು ಶ್ರೇಷ್ಠವೆಂಬ ಸಂಪ್ರದಾಯವಿದೆ. ಅದರಂತೆ ತಳಕಿನ ಗೃಹಸ್ಥನು ಜುಲೈನಲ್ಲಿ 6.08ಕ್ಕೆ, ನವೆಂಬರಿನಲ್ಲಿ 5.03ಕ್ಕೇ ಕೈ ತೊಳೆಯಬೇಕು. ಮುನಿಗಳಿಗಾದರೆ ‘ಮೂಲಾಚಾರ’ವು ಎರಡೂ ತುದಿಯಲ್ಲಿ ಮೂರು ಘಳಿಗೆಗಳನ್ನು ವರ್ಜಿಸಿದೆ.

ಹಗಲು ಹೀಗೆ ಹಿಗ್ಗಿ ಕುಗ್ಗುವುದೇಕೆ? ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿಯಷ್ಟು ಓರೆಯಾಗಿದೆ. ಆದ್ದರಿಂದ ತಳಕಿನಲ್ಲಿ ಜೂನ್ 21ರ ಹಗಲು ಹೆಚ್ಚುಕಡಿಮೆ 12 ಗಂಟೆ 59 ನಿಮಿಷ. ಡಿಸೆಂಬರ್ 21ರಂದು 11 ಗಂಟೆ 16 ನಿಮಿಷ. ಇಲ್ಲೊಂದು ಸೂಕ್ಷ್ಮವಿದೆ. ಅತಿ ಚಿಕ್ಕ ಹಗಲು ಡಿಸೆಂಬರಿನದಾದರೂ ಅತಿ ಬೇಗನೆ ಸೂರ್ಯ ಮುಳುಗುವುದು ನವೆಂಬರಿನಲ್ಲಿ. ಸೂರ್ಯ ನೆತ್ತಿಗೆ ಬರುವ ಕ್ಷಣವೂ ಗಡಿಯಾರದಲ್ಲಿ ಹಿಂದುಮುಂದಾಗುವುದೇ ಇದಕ್ಕೆ ಕಾರಣ. ಡಿಸೆಂಬರ್ 21ರ ವೇಳೆಗೆ ಸೂರ್ಯಾಸ್ತ ಆಗಲೇ 5.59ಕ್ಕೆ ಸರಿದಿರುತ್ತದೆ.

ಹಗಲಿನ ಈ ಏರಿಳಿತವನ್ನು ಪ್ರಾಚೀನ ಜೈನಾಚಾರ್ಯರು ಲೆಕ್ಕಕ್ಕೆ ತಂದಿದ್ದರು. ‘ಸೂರ್ಯಪ್ರಜ್ಞಪ್ತಿ’ ಮತ್ತು ಯತಿವೃಷಭರ ‘ತಿಲೋಯಪಣ್ಣತ್ತಿ’ಗಳು ಸೂರ್ಯನಿಗೆ 184 ಪಥಗಳನ್ನು ಹೇಳುತ್ತವೆ. ಅತಿ ದೀರ್ಘ ಹಗಲು 18 ಮುಹೂರ್ತ, ಅತಿ ಹ್ರಸ್ವ ಹಗಲು 12 ಮುಹೂರ್ತ. ಅಂದರೆ 14 ಗಂಟೆ 24 ನಿಮಿಷ ಮತ್ತು 9 ಗಂಟೆ 36 ನಿಮಿಷ. ಈ ಅಳತೆ ಸುಮಾರು 35 ಡಿಗ್ರಿ ಉತ್ತರ ಅಕ್ಷಾಂಶದ ನಾಡಿಗೆ ಹೊಂದುತ್ತದೆ. ಹದಿನಾಲ್ಕೂವರೆ ಡಿಗ್ರಿಯಲ್ಲಿರುವ ತಳಕಿನಲ್ಲಿ ಹಗಲು ಹದಿನಾರು ಮುಹೂರ್ತಕ್ಕಿಂತ ತುಸು ಹಿಗ್ಗಿ, ಹದಿನಾಲ್ಕರ ಆಸುಪಾಸಿಗೆ ಕುಗ್ಗುತ್ತದೆ. ಶಾಸ್ತ್ರದ ತತ್ತ್ವ ಎಲ್ಲೆಡೆಯೂ ಒಂದೇ. ವೇಳೆಯನ್ನು ಮಾತ್ರ ಆಯಾ ಊರಿನ ಆಕಾಶವನ್ನು ನೋಡಿಯೇ ತಿಳಿಯಬೇಕು.

ಊರು ಬದಲಾದರೂ ವೇಳೆ ಬದಲಾಗುತ್ತದೆ. ದೇಶಕ್ಕೆಲ್ಲ ಗಡಿಯಾರ ಒಂದೇ ಆದರೂ ಪಶ್ಚಿಮಕ್ಕೆ ಒಂದು ಡಿಗ್ರಿ ಸರಿದರೆ ಸೂರ್ಯ ನಾಲ್ಕು ನಿಮಿಷ ತಡವಾಗುತ್ತಾನೆ. ಡಿಸೆಂಬರ್ 21ರಂದು ಮೂಡುಬಿದಿರೆಯಲ್ಲಿ ಸೂರ್ಯಾಸ್ತ 6.08ರ ಹೊತ್ತಿಗೆ. ಅಲ್ಲಿನ ವೇಳಾಪಟ್ಟಿಯನ್ನು ನಂಬಿ ತಳಕಿನಲ್ಲಿ ಉಂಡವನು ಒಂಬತ್ತು ನಿಮಿಷ ಇರುಳಿನಲ್ಲಿ ಉಂಡಂತೆ. ಈಶಾನ್ಯದ ದಿಮಾಪುರದಲ್ಲಿ ಅದೇ ದಿನ ಸಂಜೆ 4.30ಕ್ಕೇ ಸೂರ್ಯ ಮುಳುಗುತ್ತಾನೆ. ಲಂಡನ್ನಿನಲ್ಲಿ ನಾಲ್ಕಕ್ಕೂ ಮೊದಲೇ ಕತ್ತಲು. ಜೂನ್‌ನಲ್ಲಾದರೋ ರಾತ್ರಿ ಒಂಬತ್ತು ದಾಟಿದರೂ ಬೆಳಕು. ಅಲ್ಲಿ ನೆಲೆಸಿದ ಜೈನ ಕುಟುಂಬಗಳಿಗೆ ಚಳಿಗಾಲದ ನಿಯಮ ಕಠಿಣ ತಪಸ್ಸೇ ಸರಿ.

ಹೊಲದಿಂದಲೋ ಅಂಗಡಿಯಿಂದಲೋ ದಣಿದು ಬಂದವನಿಗೆ ಸೂರ್ಯ ಕಾಯುವುದಿಲ್ಲ. ಮುಳುಗಿದ ಮೇಲೆ ಬಂದವನ ಮುಂದೆ ಉಳಿಯುವುದು ಹಸಿವು ಮತ್ತು ಸಂಕಲ್ಪ, ಇವೆರಡೇ. ‘ಎರಡೇ ನಿಮಿಷ ತಾನೆ’ ಎಂದು ಮನಸ್ಸು ವಾದಿಸುವುದು ಆಗಲೇ. ಆ ವಾದವನ್ನು ಗುರುತಿಸಿ ತಟ್ಟೆಯನ್ನು ಸರಿಸಿದವನಿಗೆ ಆ ಒಂದು ಹೊತ್ತಿನ ಉಪವಾಸವೂ ಸಾಧನೆಯಾಗುತ್ತದೆ. ಗಡಿ ದಿನದಿನಕ್ಕೂ ಸರಿಯುವುದರಿಂದ ಈ ವ್ರತ ಎಂದಿಗೂ ಬರಿಯ ರೂಢಿಯಾಗದು; ಪ್ರತಿ ಸಂಜೆಯೂ ಒಮ್ಮೆ ಪಡುವಣವನ್ನು ನೋಡಲೇಬೇಕು. ಹಾಗೆ ನೋಡುವ ಎಚ್ಚರಕ್ಕೇ ಆಗಮವು ಅಪ್ರಮಾದವೆಂದು ಹೆಸರಿಟ್ಟಿದೆ.