ಸೆಕೆಯಲ್ಲಿ ರೇಷ್ಮೆಹುಳು ಬದುಕುವ ಬಗೆ

ಪ್ರಶ್ನೆ: ರಾಮನಗರದ ಹತ್ತಿರದ ನಮ್ಮೂರಲ್ಲಿ ಏಪ್ರಿಲ್ ಬಿಸಿಲಲ್ಲೂ ರೇಷ್ಮೆಹುಳು ಸೊಪ್ಪು ಮೇಯುತ್ತಿರುತ್ತದೆ. ಅಷ್ಟು ನಾಜೂಕು ಜೀವ ಸೆಕೆ ತಡೆಯುವುದು ಹೇಗೆ?
— ಓದುಗರು, ಶ್ರೀಗಂಧದ ಕಾವಲ್, ಬೆಂಗಳೂರು

ಬೆಳೆದ ಹುಳುವಿಗೆ ಹಿತವಾದದ್ದು ಸುಮಾರು 24–25 ಡಿಗ್ರಿ. ಸೆಕೆ ಏರಿದರೆ ಪೆಟ್ಟು ಬೀಳುವುದು ಜೀವಕೋಶದೊಳಗಿನ ಪ್ರೋಟೀನುಗಳಿಗೆ. ಪ್ರೋಟೀನು ಒಂದು ಉದ್ದ ಸರಪಳಿ. ಸರಿಯಾಗಿ ಮಡಿಚಿಕೊಂಡರಷ್ಟೇ ಅದಕ್ಕೆ ಕೆಲಸ. ಸೀರೆಯ ನೆರಿಗೆಯನ್ನೇ ನೋಡಿ. ಬಸ್ಸಿನ ನೂಕುನುಗ್ಗಲಲ್ಲಿ ಬಿಚ್ಚಿಕೊಂಡರೆ ಕಾಲಿಗೆ ತೊಡರುತ್ತದೆ, ಪಕ್ಕದವರಿಗೂ ಸಿಕ್ಕಿಕೊಳ್ಳುತ್ತದೆ. ಕಾವಿಗೆ ಬಿಚ್ಚಿದ ಪ್ರೋಟೀನುಗಳೂ ಹಾಗೇ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆಗ ನೆರಿಗೆ ಹಿಡಿದುಕೊಳ್ಳುವ ಗೆಳತಿಯಂತೆ ಒದಗುವವು ಶಾಖಾಘಾತ ಪ್ರೋಟೀನುಗಳು. ಬಿಚ್ಚಿದ ಭಾಗವನ್ನು ಹಿಡಿದು, ಗಂಟು ಬೀಳದಂತೆ ತಡೆದು, ಮತ್ತೆ ಮಡಿಚಿಕೊಳ್ಳಲು ಬಿಡುತ್ತವೆ. ತೀರಾ ಕೆಟ್ಟದ್ದನ್ನು ಕೋಶ ಒಡೆದುಹಾಕುತ್ತದೆ.

ಇವುಗಳಿಗೆ ಕರೆ ಹೋಗುವ ರೀತಿಯಂತೂ ನನಗೆ ಬಲು ಸೊಗಸೆನಿಸುತ್ತದೆ. ತಂಪಿನ ದಿನ ಇವೇ ಒಂದು ಎಚ್ಚರಿಕೆಯ ಪ್ರೋಟೀನನ್ನು ಹಿಡಿದು ಕೂರಿಸಿರುತ್ತವೆ. ಸೆಕೆಯಾದಾಗ ದುರಸ್ತಿಗೆ ಓಡುತ್ತವೆ. ಕೈತಪ್ಪಿದ ಎಚ್ಚರಿಕೆಯ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ, ಶಾಖಾಘಾತ ಪ್ರೋಟೀನಿನ ಜೀನುಗಳನ್ನು ಚಾಲೂ ಮಾಡುತ್ತದೆ. ದುರಸ್ತಿ ಮುಗಿದರೆ ಮತ್ತೆ ಸೆರೆ. ಮೊದಲೇ ಹದವಾಗಿ ಬಿಸಿ ತಾಕಿದ ಜೀವ ಮುಂದಿನ ಜೋರು ಸೆಕೆ ತಾಳುವುದೂ ಆಗ ಕೂಡಿಟ್ಟ ಈ ಪ್ರೋಟೀನುಗಳ ದಾಸ್ತಾನಿನಿಂದಲೇ.

1962ರಲ್ಲಿ ಇಟಲಿಯ ಫೆರುಚಿಯೊ ರಿಟೋಸಾ ಹಣ್ಣುನೊಣದಲ್ಲಿ ಇದರ ಮೊದಲ ಸುಳಿವು ಕಂಡರು. ಮನುಷ್ಯರಲ್ಲೂ ಇದೇ ಏರ್ಪಾಡಿದೆ.

ಹುಳುಗಳಲ್ಲಿ ನಮ್ಮ ಮೈಸೂರು ತಳಿ ಗಟ್ಟಿ, ವರ್ಷಕ್ಕೆರಡು ಪೀಳಿಗೆಯ ಬೈವೋಲ್ಟೈನ್ ತಳಿ ಬೇಗ ಸೋಲುತ್ತದೆ. ಸೆಕೆ ಮಿತಿಮೀರಿದರೆ ಗಂಟುಗಳೇ ಗೆಲ್ಲುತ್ತವೆ. ಅದಕ್ಕೇ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು.