ಹಳೇ ವಿಡಿಯೋ ಗೇಮಿಗೆ ರೇಟು ಕಟ್ಟೋರು ಯಾರು?

ಶೇಷಾದ್ರಿಪುರಂ: ಹಳೇ ಪೇಪರಿಗೆ ಕೇಜಿಗೆ ಇಷ್ಟು, ಹಿತ್ತಾಳೆಗೆ ಅಷ್ಟು ಅಂತ ಗುಜರಿಯವನು ಬಾಗಿಲಲ್ಲೇ ನಿಂತು ಹೇಳಿಬಿಡ್ತಾನೆ. ಚಿನ್ನದ ರೇಟು ದಿನಾ ಪೇಪರಿನಲ್ಲೇ ಬರುತ್ತೆ. ಹಳೇ ಸ್ಕೂಟರಾದರೆ ಮೆಕ್ಯಾನಿಕ್ ಒಂದು ಕಿಕ್ ಹೊಡೆದು ನೋಡಿ ಬೆಲೆ ಕಟ್ಟುತ್ತಾನೆ. ಆದರೆ ಮಗ ಎರಡು ವರ್ಷ ಆಡಿ ಮೂಲೆಗಿಟ್ಟ ಪ್ಲೇಸ್ಟೇಷನ್ನಿಗೆ ಎಷ್ಟು? ಹೇಳೋರಿಲ್ಲ. ಮಾರುವವನು ಬಾಯಿಗೆ ಬಂದಷ್ಟು ಹೇಳ್ತಾನೆ, ಕೊಳ್ಳುವವನು ಮನಸ್ಸಿಗೆ ಬಂದಷ್ಟು ಕೇಳ್ತಾನೆ. ನಡುವೆ ಮೂರನೆಯವನೊಬ್ಬ ಬಂದು ಇಬ್ಬರಿಗೂ ಟೋಪಿ ಹಾಕಿ ಹೋಗೋದೂ ಉಂಟು.

ಹುಡುಗಾಟದ ಸಾಮಾನು, ಇದಕ್ಕೂ ಇಷ್ಟುದ್ದ ಬರೀಬೇಕಾ ಅಂತ ಮೂಗು ಮುರಿಯಬೇಡಿ. ಸೋನಿ ಕಂಪೆನಿಯ ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿ 2ರಂದು ಬಂದಾಗ ಡಿಸ್ಕ್ ಹಾಕುವ ಮಾದರಿಯ ಬೆಲೆ 49,990 ರೂಪಾಯಿ. 2022ರ ನವೆಂಬರಿನಲ್ಲಿ ಅದೇ ಡಬ್ಬ 54,990ಕ್ಕೆ ಏರಿತು. ಎಷ್ಟೋ ಮನೆಗಳಲ್ಲಿ ಇದು ಎರಡು-ಮೂರು ತಿಂಗಳ ಸಂಬಳ. ಪಿ.ಯು. ಮುಗಿಸಿದ ಹುಡುಗ ಇದನ್ನು ಮಾರಿ ಲ್ಯಾಪ್‌ಟಾಪಿಗೆ ದುಡ್ಡು ಸೇರಿಸೋಣ ಅಂತಾನೆ. ಇನ್ನೊಂದು ಮನೆಯ ಹುಡುಗ ಪಾರ್ಟ್‌ಟೈಂ ದುಡಿದು ಕೂಡಿಟ್ಟ ಹಣ ಹಿಡಿದು ಸೆಕೆಂಡ್‌ಹ್ಯಾಂಡ್ ಹುಡುಕುತ್ತಾನೆ. ಇಬ್ಬರಿಗೂ ಐದು ಸಾವಿರ ಅಂದರೆ ಐದು ಸಾವಿರವೇ.

ಕ್ಯಾಸೆಟ್ಟಿನ ಕಾಲದಿಂದ

ತೊಂಬತ್ತರ ದಶಕದಲ್ಲಿ ಈ ತಾಪತ್ರಯ ಇರಲಿಲ್ಲ. ಆಗ ಟಿ.ವಿ.ಗೆ ಸಿಕ್ಕಿಸಿ ಆಡುವ ‘ಸಮುರಾಯ್’ ಥರದ ಗೇಮುಗಳು. ಕ್ಯಾಸೆಟ್ ಅಂತಲೇ ಅದರ ಹೆಸರು. ಒಂದು ಕ್ಯಾಸೆಟ್ ಕೊಟ್ಟು ಇನ್ನೊಂದು ತರೋದು, ಅಷ್ಟೇ ವ್ಯಾಪಾರ. ಆಮೇಲೆ ಪ್ಲೇಸ್ಟೇಷನ್ 2 ಬಂತು. ಆಗ ಇಲ್ಲಿಂದ ನಡೆದೇ ಮೆಜೆಸ್ಟಿಕ್ಕಿಗೆ ಹೋಗಿ ನ್ಯಾಷನಲ್ ಮಾರ್ಕೆಟ್ ಮೆಟ್ಟಿಲು ಹತ್ತಿದರೆ ಎಲ್ಲ ಕೈಗೆ ಸಿಗ್ತಿತ್ತು. ಅಂಗಡಿಯವನೇ ಹಳೇದು ತಗೊಂಡು ಹೊಸದು ಕೊಡ್ತಿದ್ದ. ಚೌಕಾಸಿ ಎದುರೆದುರಿಗೇ, ಟಿ.ವಿ.ಗೆ ಹಾಕಿ ತೋರಿಸಿಯೇ ನಡೀತಿತ್ತು.

ಈಗ ಸಂತೆ ಫೋನಿನೊಳಗೆ ಸೇರಿದೆ. ಓ.ಎಲ್.ಎಕ್ಸ್., ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ವಾಟ್ಸಾಪ್ ಗುಂಪು. ರಾತ್ರಿ ಫೋಟೋ ಹಾಕಿದರೆ ಬೆಳಗಾಗೋದರೊಳಗೆ ‘ಲಾಸ್ಟ್ ಎಷ್ಟು ಬ್ರೋ?’ ಅನ್ನೋ ಸಂದೇಶಗಳ ಸಾಲು. ಸಾಮಾನು ನೋಡಿಲ್ಲ, ಮುಖ ನೋಡಿಲ್ಲ, ಆಗಲೇ ಲಾಸ್ಟ್!

ಕೇಳಿದ್ದೆಲ್ಲ ಬೆಲೆಯಲ್ಲ

ಹೆಚ್ಚಿನವರು ಎಡವುವುದು ಇಲ್ಲೇ. ಮಾರುವವನು ಫೋನು ತೆರೆದು ಬೇರೆಯವರು ಎಷ್ಟು ಹಾಕಿದ್ದಾರೆ ನೋಡ್ತಾನೆ. ಒಬ್ಬ 42 ಸಾವಿರ, ಇನ್ನೊಬ್ಬ 40. ಸರಿ, ನಂದೂ 41 ಅಂತಾನೆ. ಆದರೆ ಸ್ವಾಮಿ, ಅದು ಅವರು ಕೇಳುತ್ತಿರುವ ಬೆಲೆ, ಯಾರೋ ಕೊಟ್ಟ ಬೆಲೆಯಲ್ಲ. ಮಾರಾಟವಾದ ಸಾಮಾನಿನ ಜಾಹೀರಾತು ಪಟ್ಟಿಯಿಂದ ಹೋಗಿಬಿಡುತ್ತೆ. ಹೆಚ್ಚು ರೇಟು ಹೇಳಿ ಗಿರಾಕಿ ಸಿಗದೆ ಕೂತವನ ಜಾಹೀರಾತು ಮಾತ್ರ ಕಣ್ಣಿಗೆ ಬೀಳ್ತಾ ಇರುತ್ತೆ. ಮಾರಲಾಗದವನ ರೇಟು ನೋಡಿ ನಾವು ರೇಟು ಕಟ್ಟಿದ ಹಾಗಾಯಿತು!

ಅಮೆರಿಕದವರಿಗೆ ಈ ಕಷ್ಟ ಕಮ್ಮಿ. ಅಲ್ಲಿ ಈಬೇಯಲ್ಲಿ ಯಾವ ಸಾಮಾನು ಕೊನೆಗೆ ಎಷ್ಟಕ್ಕೆ ಹೋಯಿತು ಅಂತಲೂ ನೋಡಬಹುದು. ನಮ್ಮಲ್ಲಿದ್ದ ಈಬೇ ಇಂಡಿಯಾ 2018ರ ಆಗಸ್ಟಿನಲ್ಲೇ ಬಾಗಿಲು ಹಾಕಿತು. ಹಾಗಾಗಿ ನಮಗೆ ಉಳಿದಿರೋದು ಒಂದೇ ಉಪಾಯ: ನೋಟ. ಒಂದು ಹತ್ತು ಜಾಹೀರಾತು ಗುರುತು ಮಾಡಿಟ್ಟುಕೊಂಡು ಎರಡು ವಾರ ನೋಡಿ. ಯಾವುದು ಬೇಗ ಮಾಯವಾಯಿತೋ ಆ ರೇಟಿನ ಆಸುಪಾಸಿನಲ್ಲೇ ನಿಜವಾದ ಬೆಲೆ ಇರುತ್ತೆ. ತಿಂಗಳಾದರೂ ಅಲ್ಲೇ ಇದ್ದದ್ದನ್ನು ಲೆಕ್ಕಕ್ಕೆ ತಗೋಬೇಡಿ.

ಲೆಕ್ಕ ಹೀಗೆ ಹಾಕಿ

ನೀವು ಎಷ್ಟು ಕೊಟ್ಟು ತಂದಿರಿ ಅನ್ನೋದು ಗಿರಾಕಿಗೆ ಬೇಕಿಲ್ಲ. ಹೊಸದು ಇವತ್ತು ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತೆ, ಅಲ್ಲಿಂದ ಲೆಕ್ಕ ಶುರು. ಹಬ್ಬದ ರಿಯಾಯಿತಿಯಲ್ಲಿ ಹೊಸದರ ಬೆಲೆ ಸಾವಿರಗಟ್ಟಲೆ ಇಳಿದರೆ ಅದೇ ದಿನ ಹಳೇದರ ಬೆಲೆಯೂ ಇಳಿಯಿತು ಅಂತಲೇ ತಿಳಿಯಿರಿ. ಉಲ್ಟಾ ಆಗಿದ್ದೂ ಇದೆ. 2021ರಲ್ಲಿ ಚಿಪ್ಪಿನ ಕೊರತೆಯಿಂದ ಹೊಸ ಪ್ಲೇಸ್ಟೇಷನ್ 5 ಸಿಗುತ್ತಲೇ ಇರಲಿಲ್ಲ. ಆಗ ಕೈಗೆ ಸಿಕ್ಕವರು ಕಂಪೆನಿ ಬೆಲೆಗಿಂತ ಮೇಲೆ ಇಟ್ಟು ಮಾರಿದರು. ಆ ಕಾಲ ಮುಗಿಯಿತು. ಅದೇ ಗುಂಗಿನಲ್ಲಿ ಇಂದೂ ರೇಟು ಹೇಳಿದರೆ ಡಬ್ಬ ಮನೆಯಲ್ಲೇ ಕೂರುತ್ತೆ.

ಒಂದು ಉದಾಹರಣೆ ನೋಡಿ. ಹೊಸದು 50 ಸಾವಿರಕ್ಕೆ ಸಿಗುತ್ತೆ ಅಂದುಕೊಳ್ಳಿ. ಕಾಲು ಭಾಗವಾದರೂ ಉಳಿಯದಿದ್ದರೆ ಯಾರು ಗ್ಯಾರಂಟಿ ಬಿಟ್ಟು ಹಳೇದಕ್ಕೆ ಬರ್ತಾರೆ? ಅಲ್ಲಿಗೆ 37,500. ರಿಮೋಟಿನ ಕಡ್ಡಿ ಸವೆದು, ಮುಟ್ಟದಿದ್ದರೂ ಪರದೆಯ ಮೇಲಿನ ಮನುಷ್ಯ ತಾನಾಗಿ ನಡೀತಿದ್ದಾನಾ? ಹೊಸ ರಿಮೋಟು 2021ರಲ್ಲಿ ಬಂದಾಗಲೇ 5,990 ರೂಪಾಯಿ. ಆರು ಸಾವಿರ ಕಳೆಯಿರಿ, 31,500. ಬಿಲ್ಲು, ಬಾಕ್ಸು, ಇನ್ನೂ ನಾಲ್ಕು ತಿಂಗಳ ವಾರಂಟಿ ಇದ್ದರೆ ಒಂದೆರಡು ಸಾವಿರ ಸೇರಿಸಿ. ಚೌಕಾಸಿಗೆ ಅಂತ ಮೇಲೆ ಒಂದು ಸಾವಿರ ಇಟ್ಟುಕೊಳ್ಳಿ, ಸಾಕು. ಇದು ದರಪಟ್ಟಿ ಅಲ್ಲ, ಲೆಕ್ಕ ಹಾಕುವ ದಾರಿ.

ನಿಂಟೆಂಡೊ ಸ್ವಿಚ್‌ನದು ಬೇರೆ ಕಥೆ. 2017ರಲ್ಲಿ ಹೊರಬಂದ ಈ ಗೇಮನ್ನು ಕಂಪೆನಿ ನಮ್ಮ ದೇಶಕ್ಕೆ ತಾನಾಗಿ ತರಲಿಲ್ಲ. ದುಬೈ, ಸಿಂಗಪುರದಿಂದ ಬಂದ ಮಾಲಿಗೆ ಇಲ್ಲಿ ಕಂಪೆನಿ ವಾರಂಟಿ ಸಿಗೋದಿಲ್ಲ. ಅದಕ್ಕೆ ವಾರಂಟಿ ಹೆಸರಲ್ಲಿ ಒಂದು ಪೈಸೆಯನ್ನೂ ಹೆಚ್ಚಿಗೆ ಕೊಡಬೇಡಿ.

ಡಿಸ್ಕಿನ ಮರ್ಮ

ಡಿಸ್ಕಿನಲ್ಲಿ ಕೊಂಡ ಗೇಮು ಪುಸ್ತಕದ ಹಾಗೆ. ಆಡಿ ಮುಗಿಸಿ ಮಾರಬಹುದು. ಡೌನ್‌ಲೋಡ್ ಮಾಡಿಕೊಂಡ ಗೇಮು ನಿಮ್ಮ ಅಕೌಂಟಿಗೆ ಅಂಟಿಕೊಂಡಿರುತ್ತೆ, ಅದನ್ನು ಮಾರೋ ಹಾಗಿಲ್ಲ. ‘20 ಗೇಮ್ ಫ್ರೀ’ ಅಂತ ಜಾಹೀರಾತಿನಲ್ಲಿ ಕಂಡರೆ ಎಷ್ಟು ಡಿಸ್ಕಿದೆ ಅಂತ ಮೊದಲು ಕೇಳಿ. ಡಿಸ್ಕ್ ಹಾಕಲಾಗದ ‘ಡಿಜಿಟಲ್’ ಮಾದರಿ ಹೊಸದರಲ್ಲಿ ಹತ್ತು ಸಾವಿರ ಅಗ್ಗವಾಗಿ ಬಂತು ನಿಜ. ಆದರೆ ಅದನ್ನು ಕೊಂಡವನಿಗೆ ಸೆಕೆಂಡ್‌ಹ್ಯಾಂಡ್ ಡಿಸ್ಕಿನ ಅನುಕೂಲವೇ ಇಲ್ಲ. ಪ್ರತಿ ಗೇಮಿಗೂ ಕಂಪೆನಿ ಹೇಳಿದ ಬೆಲೆಯೇ ಗತಿ.

ಡಿಸ್ಕುಗಳಲ್ಲೂ ಜಾತಿ ಇದೆ. ಫುಟ್‌ಬಾಲ್ ಗೇಮು ವರ್ಷಕ್ಕೊಂದು ಬರುತ್ತೆ. ಹೊಸದು ಬಂದ ಮರುದಿನವೇ ಹಳೇದು ಹಳೇ ಕ್ಯಾಲೆಂಡರ್ ಇದ್ದ ಹಾಗೆ. ಅದನ್ನು ಮಾರೋದಿದ್ದರೆ ಸೆಪ್ಟೆಂಬರಿಗೆ ಮುಂಚೆ ಮಾರಿ. ನಿಂಟೆಂಡೊ ಗೇಮುಗಳ ಬೆಲೆ ಮಾತ್ರ ವರ್ಷಗಟ್ಟಲೆ ಇಳಿಯೋದಿಲ್ಲ. ಹಳೇ ಎಕ್ಸ್‌ಬಾಕ್ಸ್ 360 ತಗೊಳ್ಳೋರು ಇನ್ನೊಂದು ವಿಷಯ ನೆನಪಿಡಿ: ಅದರ ಆನ್‌ಲೈನ್ ಅಂಗಡಿಯನ್ನು ಮೈಕ್ರೋಸಾಫ್ಟ್ 2024ರ ಜುಲೈ 29ರಂದು ಮುಚ್ಚಿತು. ಡಿಸ್ಕಿಲ್ಲದೆ ಬರೀ ಡಬ್ಬ ಕೊಂಡರೆ ಆಡೋದೇನು?

ಅಂಗಡಿಯವರ ಕಡೆಯ ಮಾತು

‘ಅಂಗಡಿಯವನು 25 ಸಾವಿರ ಅಂದ, ಫೋನಿನಲ್ಲಿ 31 ಬರುತ್ತೆ, ಇದು ಹಗಲು ದರೋಡೆ’ ಅಂತ ಬೈಯುವವರಿದ್ದಾರೆ. ಹಾಗಲ್ಲ. ಅವನು ತೆರೆದು ಧೂಳು ತೆಗೀಬೇಕು, ಬಾಡಿಗೆ ಕಟ್ಟಬೇಕು, ಕೆಟ್ಟರೆ ಗಿರಾಕಿಗೆ ಉತ್ತರ ಹೇಳಬೇಕು. ಆ ವ್ಯತ್ಯಾಸ ಇದಕ್ಕೆಲ್ಲ ಕೂಲಿ. ತೆರಿಗೆಯೂ ಉಂಟು. ವಿಡಿಯೋ ಗೇಮಿನ ಜಿ.ಎಸ್.ಟಿ. 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ನೋಂದಾಯಿತ ಹಳೇ ಸಾಮಾನಿನ ವ್ಯಾಪಾರಿ, ಕೊಳ್ಳುವಾಗ ತೆರಿಗೆ ವಾಪಸ್ ಪಡೆದಿಲ್ಲದಿದ್ದರೆ, ಪೂರ್ತಿ ಬೆಲೆಗಲ್ಲ, ತನ್ನ ಲಾಭದ ಅಂತರಕ್ಕೆ ಮಾತ್ರ ತೆರಿಗೆ ಕಟ್ಟಬಹುದು. 25ಕ್ಕೆ ಕೊಂಡು 30ಕ್ಕೆ ಮಾರಿದರೆ ಲೆಕ್ಕ ಐದು ಸಾವಿರಕ್ಕಷ್ಟೇ.

ಆದರೆ ಬಿಲ್ಲಿಲ್ಲದೆ, ಗುರುತು ಚೀಟಿ ಇಲ್ಲದೆ ಯಾರೋ ತಂದದ್ದನ್ನು ಅಗ್ಗ ಅಂತ ತಗೋಬೇಡಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಕೊಂಡ ದಿನವೇ ಸೀರಿಯಲ್ ನಂಬರ್ ಬರೆದಿಡಿ.

ಟೋಪಿ ಹಾಕುವವರು

ಚೌಕಾಸಿಯನ್ನೇ ಮಾಡದೆ ‘ಓಕೆ, ಹೇಳಿದಷ್ಟು ಕೊಡ್ತೀನಿ’ ಅನ್ನುವ ಗಿರಾಕಿ ಬಂದರೆ ಖುಷಿಪಡಬೇಡಿ, ಅಲ್ಲೇ ಎಚ್ಚರವಾಗಿ. ಮಿಲಿಟರಿಯವನು ಅಂತ ಹೇಳಿಕೊಂಡು, ಸಾಮಾನು ನೋಡದೆ, ಮುಂಗಡ ಹಾಕ್ತೀನಿ ಅಂತ ಕ್ಯೂ.ಆರ್. ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ’ ಅನ್ನೋದು ಹಳೇ ಆಟ. ದುಡ್ಡು ಬರೋದಿಲ್ಲ, ಹೋಗುತ್ತೆ. ಹಣ ಪಡೆಯೋದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ದುಡ್ಡು ಬಂತಾ ಅಂತ ಅವನು ತೋರಿಸುವ ಸ್ಕ್ರೀನ್‌ಶಾಟ್ ನೋಡಬೇಡಿ, ನಿಮ್ಮ ಬ್ಯಾಂಕಿನ ಬಾಕಿ ನೋಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮಾರುವವರು ಕೊಡುವ ಮುನ್ನ ತಮ್ಮ ಅಕೌಂಟ್ ತೆಗೆದು, ಪೂರ್ತಿ ಅಳಿಸಿ ಕೊಡಬೇಕು. ಅಪ್ಪನ ಕಾರ್ಡು ಅದರಲ್ಲೇ ಉಳಿದಿದ್ದರೆ ಗೇಮು ಅವರದು, ಬಿಲ್ಲು ನಿಮ್ಮದು.

ಉಳಿದ ತೊಂದರೆ ಒಂದು. ಸಂಪಿಗೆ ರಸ್ತೆ ಮೆಟ್ರೋ ಹತ್ತಿರ ಜನರ ನಡುವೆ ಭೇಟಿಯಾದರೆ ಭಯವಿಲ್ಲ, ಆದರೆ ಅಲ್ಲಿ ಟಿ.ವಿ. ಇಲ್ಲ. ಓಡಿಸಿ ನೋಡದೆ ಮೂವತ್ತು ಸಾವಿರ ಕೊಡೋದು ಹೇಗೆ? ಗೊತ್ತಿಲ್ಲದವರನ್ನು ಮನೆಗೆ ಕರೆಯೋದು ಹೇಗೆ? ಅಮೆರಿಕದ ಹಲವು ಊರುಗಳಲ್ಲಿ ಇಂಥ ವ್ಯಾಪಾರಕ್ಕೆ ಪೊಲೀಸ್ ಠಾಣೆಯ ಆವರಣದಲ್ಲೇ ಕ್ಯಾಮೆರಾ ಇಟ್ಟು ಜಾಗ ಬಿಟ್ಟಿದ್ದಾರೆ. ಶೇಷಾದ್ರಿಪುರಂ ಠಾಣೆಯವರೂ ಒಂದು ಮೂಲೆ ಬಿಡಬಾರದೇಕೆ?

ಅದು ಆಗುವವರೆಗೆ ನಮ್ಮ ಟಿ.ವಿ., ಮೊಬೈಲ್ ರಿಪೇರಿ ಅಂಗಡಿಯವರು ಯೋಚಿಸಬಹುದು. ಒಂದು ಟಿ.ವಿ., ಒಂದು ಪ್ಲಗ್ಗು, ಅರ್ಧ ಗಂಟೆ ಓಡಿಸಿ ನೋಡಲು ನೂರು ರೂಪಾಯಿ. ಫ್ಯಾನಿನ ಸದ್ದು, ಡಿಸ್ಕ್ ಓದುತ್ತಾ ಇಲ್ಲವಾ, ರಿಮೋಟು ಸರಿಯಿದೆಯಾ, ಎಲ್ಲ ಇಬ್ಬರ ಕಣ್ಣೆದುರೇ ಗೊತ್ತಾಗುತ್ತೆ. ಸ್ಕೂಟರಿಗೆ ಮೆಕ್ಯಾನಿಕ್ ಇದ್ದಂತೆ ಇದಕ್ಕೂ ಒಬ್ಬ ಬೇಕು. ಅಂಗಡಿಗೆ ನೂರು ರೂಪಾಯಿ, ಕೊಳ್ಳೋನಿಗೂ ಮಾರೋನಿಗೂ ನೆಮ್ಮದಿ. ಯಾರು ಮೊದಲು ಬೋರ್ಡು ಹಾಕ್ತೀರಿ?