ಆಂಟಿಮನಿಗೆ ತಾಳ್ಮೆ ಕಡಿಮೆ

ಹೈದರಾಬಾದಿನಲ್ಲಿ ಏನು ಕೆಲಸ ಎಂದು ಊರಿನವರು ಕೇಳಿದರೆ, ‘ಹೆಂಚು ಕಾಯಿಸಿ, ಹಿಟ್ಟಿನ ಬದಲು ಅನಿಲ ಹುಯ್ಯುತ್ತೇವೆ’ ಎನ್ನುತ್ತೇನೆ. ನಗುತ್ತಾರೆ. ಸಿವಿಡಿ ಎಂಬ ವಿಧಾನ ಹೆಚ್ಚುಕಡಿಮೆ ಅದೇ. ಬಿಸಿ ಬಿಲ್ಲೆಯ ಮೇಲೆ ಆವಿ ಹಾಯುತ್ತದೆ, ಅಲ್ಲೇ ಒಡೆಯುತ್ತದೆ, ಬೇಕಾದ ಧಾತು ತೆಳು ಪದರವಾಗಿ ಕೂರುತ್ತದೆ.

ನನ್ನ ಪಾಲಿಗೆ ಬಂದದ್ದು ಆಂಟಿಮನಿ. ಇದರ ಅದಿರು ಸ್ಟಿಬ್ನೈಟ್ ಹಿಂದೆ ಕಣ್ಣಿನ ಸುರ್ಮಾ ಆಗುತ್ತಿತ್ತು. ನಮ್ಮ ಚಿತ್ರದುರ್ಗದ ಬಂಡೆಗಳಲ್ಲೂ ಅದರ ಕುರುಹಿದೆ. ಈಗ ಇಂಡಿಯಂ ಜೊತೆ ಸೇರಿ, ಕತ್ತಲಲ್ಲಿ ಶಾಖವನ್ನು ಗುರುತಿಸುವ ಡಿಟೆಕ್ಟರ್ ಆಗುತ್ತದೆ.

ಇಂಡಿಯಂ ಆಂಟಿಮನೈಡ್ ಸುಮಾರು 527 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಸಣ್ಣ ಉರಿಯಲ್ಲೇ ಕೆಲಸ ಮುಗಿಯಬೇಕು. ರೂಢಿಯ ಟ್ರೈಮೀಥೈಲ್ ಆಂಟಿಮನಿ ಆ ಉರಿಗೆ ಸರಿಯಾಗಿ ಒಡೆಯುವುದಿಲ್ಲ. ಮೀಥೈಲ್‌ನ ಇಂಗಾಲ ಪದರದೊಳಗೆ ಸೇರುವ ಭಯ ಬೇರೆ. ಆರ್ಸೆನಿಕ್ ಜೊತೆ ಕೆಲಸ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಆರ್ಸೀನ್ ಅನಿಲ ಸಿಲಿಂಡರಿನಲ್ಲಿ ತೆಪ್ಪಗಿರುತ್ತದೆ, ಒಡೆದಾಗ ಸಿಗುವ ಹೈಡ್ರೋಜನ್ ಮೀಥೈಲನ್ನು ಮೀಥೇನ್ ಮಾಡಿ ಹೊರಗಟ್ಟುತ್ತದೆ.

ಆಂಟಿಮನಿಯ ಹೈಡ್ರೈಡ್ ಸ್ಟಿಬೀನ್ ಹಾಗಲ್ಲ. ಕೋಣೆಯ ಉಷ್ಣತೆಯಲ್ಲೇ ಒಡೆಯುತ್ತದೆ, ಗೋಡೆಗೆ ಅಂಟಿದ ಆಂಟಿಮನಿ ಮಿಕ್ಕ ಅನಿಲವನ್ನು ಇನ್ನೂ ಬೇಗ ಒಡೆಸುತ್ತದೆ. ಮೇಲಾಗಿ ರಕ್ತಕಣಗಳನ್ನು ನಾಶಮಾಡುವ ವಿಷ. (1836ರ ಮಾರ್ಷ್ ವಿಷಪತ್ತೆ ಪರೀಕ್ಷೆಯಲ್ಲೂ ಈ ಅನಿಲ ಕಾದ ಗಾಜಿನ ಕೊಳವೆಯಲ್ಲಿ ಕಪ್ಪು ಕನ್ನಡಿ ಬಿಡುತ್ತದೆ. ನಮ್ಮ ಯಂತ್ರದ ಮುತ್ತಜ್ಜ ಎನ್ನಬಹುದು.)

ನಡುವಿನ ದಾರಿಯೇ ಸಾವಯವ ಆಂಟಿಮನಿ ಹೈಡ್ರೈಡ್: ಒಂದೋ ಎರಡೋ ಹೈಡ್ರೋಜನ್ ಉಳಿಸಿಕೊಂಡು, ಮಿಕ್ಕ ಕಡೆ ಇಂಗಾಲದ ಗುಂಪು ಕಟ್ಟುವುದು. ಪುಟ್ಟ ಮೀಥೈಲ್ ಕಟ್ಟಿದರೆ ಬಾಳಿಕೆ ಇಲ್ಲ. ಎರಡು ಅಣುಗಳು ಹೈಡ್ರೋಜನ್ ಬಿಟ್ಟು ಆಂಟಿಮನಿ-ಆಂಟಿಮನಿ ಜೋಡಿಯಾಗಿಬಿಡುತ್ತವೆ. ಜರ್ಮನಿಯ ಬ್ರೆಮೆನ್‌ನಲ್ಲಿ ಹಾನ್ಸ್ ಬ್ರೊಯ್ನಿಗ್ ಅವರ ತಂಡ ಸಿಲಿಕಾನ್ ಹೊತ್ತ ದೊಡ್ಡ ಗುಂಪುಗಳನ್ನು ಕಟ್ಟಿ ಇಂಥ ಹೈಡ್ರೈಡ್‌ಗಳನ್ನು ತಯಾರಿಸಿತು. ದೊಡ್ಡ ಗುಂಪು ಕೊಡೆಯಂತೆ, ಪಕ್ಕದ ಅಣುವನ್ನು ಹತ್ತಿರ ಬಿಡುವುದಿಲ್ಲ. ಆದರೆ ಭಾರ ಹೆಚ್ಚಿದಷ್ಟೂ ಆವಿಯಾಗುವುದು ಕಷ್ಟ. ಸಿಲಿಕಾನ್ ಚೂರು ಪದರಕ್ಕೆ ಸೇರಿದರೂ ಅದರ ವಿದ್ಯುತ್ ಗುಣವೇ ಬದಲು. ಇಂಗಾಲ ಬೇಡವೆಂದು ಹೊರಟವನಿಗೆ ಸಿಲಿಕಾನ್ ಗಂಟುಬಿದ್ದಂತೆ!

ಆದರೂ ನನ್ನ ಓಟು ಹೈಡ್ರೈಡ್‌ಗೇ. ಮೀಟಿಂಗಿನಲ್ಲಿ ಮಾತ್ರ ಗೆಲ್ಲುವುದು ಕ್ಯಾಟಲಾಗ್ ನೋಡಿ ತರಿಸಬಹುದಾದ ಅಮೈಡ್ ಸಂಯುಕ್ತ. ಹೈಡ್ರೈಡನ್ನು ನಾವೇ ಮಾಡಬೇಕು, ಗಾಳಿ ಸೋಕದಂತೆ ತಣ್ಣಗಿಡಬೇಕು, ಕೆಡುವ ಮುಂಚೆ ಬಳಸಬೇಕು. ಮುಂದಿನ ಬಜೆಟ್ಟಿಗೆ ಒಂದು ಫ್ರೀಜರ್ ಕೇಳಿದ್ದೇನೆ.